ಹಸಿರು ಹತ್ತಿದ ಅಂಗಾಲು

ಫೆಬ್ರವರಿ ೩೦, ೨೧೮೪
ಮೂಡಲಬಾಗಿಲು ಬಡಾವಣೆ, ಧಾರವಾಡದ ಹೊರವಲಯ

ಹುಲ್ಲಿನ ಮೇಲೆ ಕಾಲಿಡುವ ಭಾಗ್ಯವುಳ್ಳ, ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ ಶರಣು.

ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಾವು ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿಕೊಂಡಿದ್ದೇವೆ. ನಮ್ಮ ಕೈಲಿ ಸರಿಪಡಿಸಲು ಆದದ್ದು ಅದೊಂದೇ. ನಡುವೆ ನೀವು ಕೇಳರಿಯದ ಮಾತು ಬಂದರೆ ಮನ್ನಿಸಿ. ನಿಮ್ಮ ಮಾತುಗಳಲ್ಲೂ ಎಷ್ಟೋ ನಮಗೆ ತಿಳಿಯುವುದಿಲ್ಲ. ಕಳೆ ಎಂದರೆ ಬೇಡದಿದ್ದರೂ ಬೆಳೆಯುವ ಹಸಿರು ಎಂದು ಓದಿದಾಗ ನಾನು ನಂಬಲೇ ಇಲ್ಲ. ಹಸಿರು ಯಾರಿಗಾದರೂ ಬೇಡವಾದೀತೇ?

ನನ್ನ ಹೆಸರು ಚೆನ್ನಾಂಬಿಕೆ. ನಮ್ಮ ಬಡಾವಣೆಗೆ ಗೋಡೆಯಿದೆ, ಗೇಟಿದೆ, ಗೇಟಿನ ಕಲ್ಲಿನ ಮೇಲೆ ನಿಮ್ಮ ಕಾಲದವರು ಕೆತ್ತಿಸಿದ ನಿಯಮವಿದೆ: ಹುಲ್ಲುಹಾಸಿನ ಹುಳ, ರೋಗಗಳಿಗೆ ಆಯಾ ಮನೆಯವರೇ ಹೊಣೆ. ಬಹುಶಃ ನಿಮಗೆ ಬಡಾವಣೆಯ ಸಂಘದವರು ಒಂದು ನೋಟಿಸು ಕಳಿಸಿ ಸುಮ್ಮನಾಗುತ್ತಿದ್ದರು. ನಾವು ಅದನ್ನು ಸೂತಕ ಮಾಡಿಕೊಂಡೆವು. ಬಯಲಿನ ಗಿಡಮರಗಳೆಲ್ಲ ಹೋಗಿ, ಅಕ್ಕಿ ಅಡಿಕೆ ಕೂಡ ಗಾಜಿನ ಮನೆಯಲ್ಲಿ ಬೆಳೆಯುವಂತಾಗಿ, ಪ್ರತಿ ಮನೆಯೆದುರು ಎರಡು ಜಮಖಾನೆ ಹಾಸುವಷ್ಟು ಹುಲ್ಲು ಮಾತ್ರ ಉಳಿದಿತ್ತು. ಅಕ್ಕಿ ತೊಳೆದ ನೀರನ್ನು ಅದಕ್ಕೇ ಚಿಮುಕಿಸುತ್ತಿದ್ದೆವು. ಊಟವಾದ ಮೇಲೆ ಗಂಡಸರು ಅದರ ಅಂಚಿನಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು, ಹೆಂಗಸರು ಅವರಿಗೆ ಉಗುಳಬೇಡಿ ಎಂದು ಬೈಯುತ್ತಿದ್ದರು. ಹುಲ್ಲಿಗೆ ರೋಗ ಬಂದ ಮನೆಗೆ ಹಸಿರುಸೂತಕ. ಹುಲ್ಲು ಚೇತರಿಸಿಕೊಳ್ಳುವ ತನಕ ಆ ಮನೆಯ ಹೊಸ್ತಿಲಿಗೆ ರಂಗೋಲಿಯಿಲ್ಲ, ಒಳಗೆ ಶುಭಕಾರ್ಯವಿಲ್ಲ, ಯಾರೂ ಹೆಜ್ಜೆಯಿಡುವಂತಿಲ್ಲ. ಆ ಮನೆಯವರು ಎದುರಾದರೆ ನಾವು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದೆವು. ಗೊಣ್ಣೆಹುಳು ಮಾತ್ರ ಮಣ್ಣಿನೊಳಗೆ ಬೇರು ತಿನ್ನುತ್ತ, ಸೂತಕ ಗೀತಕ ನೋಡದೆ ಮನೆಯಿಂದ ಮನೆಗೆ ಓಡಾಡಿಕೊಂಡಿತ್ತು.

ನಮ್ಮಲ್ಲಿ ಹುಲ್ಲುಮೆಟ್ಟು ಎಂಬ ಶಾಸ್ತ್ರವಿತ್ತು. ಕೂಸಿಗೆ ಹೆಸರಿಡುವ ದಿನ ಬಂದವರೆಲ್ಲ ಬರಿಗಾಲಲ್ಲಿ ಆ ಮನೆಯ ಹುಲ್ಲಿನ ಮೇಲೆ ಒಂದು ಸುತ್ತು ನಡೆಯಬೇಕು, ಕೊನೆಗೆ ಕೂಸಿನ ಪಾದ ಹುಲ್ಲಿಗೆ ತಾಗಿಸಬೇಕು. ಪಕ್ಕದ ಮನೆಯ ಬಸಲಿಂಗಮ್ಮ ನನಗೆ ತಂಗಿಯಿದ್ದ ಹಾಗೆ. ಆಕೆಯ ಮಗಳಿಗೆ ಎಷ್ಟೋ ಹರಕೆಯ ಮೇಲೆ ಹೆಣ್ಣುಕೂಸು ಹುಟ್ಟಿತು. ದೂರ್ವಾ ಎಂದು ಹೆಸರಿಟ್ಟರು. ದೂರ್ವಾ ಅಂದರೆ ಗರಿಕೆ. ಗರಿಕೆಗೆ ಸಾವಿಲ್ಲವೆಂದು ನೀವೆಲ್ಲ ಹೇಳುತ್ತಿದ್ದಿರಂತೆ. ಅಂದು ಇಡೀ ಬಡಾವಣೆ ಅವರ ಮನೆಯೆದುರು ನೆರೆಯಿತು. ಹುಲ್ಲು ಎಂದಿಗಿಂತ ಹಸಿರಾಗಿತ್ತು. ನಾವೆಲ್ಲ ನಡೆದೆವು, ಕೂಸಿನ ಪಾದ ತಾಗಿಸಿದೆವು, ಹೋಳಿಗೆ ತಿಂದು ಮನೆಗೆ ಬಂದೆವು. ಮನೆಯ ನೆಲದ ಮೇಲೆ ನನ್ನದೇ ಹೆಜ್ಜೆಗಳು ಹಸಿರಾಗಿ ಮೂಡಿದ್ದವು. ಓಡಿಹೋಗಿ ನೋಡಿದರೆ ಕೂಸಿನ ಅಂಗಾಲಿಗೂ ಬಣ್ಣ ಹತ್ತಿತ್ತು, ಅದರ ತಾಯಿ ಸೆರಗಿನಿಂದ ಉಜ್ಜುತ್ತ ಅಳುತ್ತಿದ್ದಳು.

ಆ ಹುಲ್ಲಿಗೆ ಕರಿಬೇರು ಬಂದಿತ್ತು, ಅದು ಕಾಣದಿರಲೆಂದು ಬಸಲಿಂಗಮ್ಮ ಹುಲ್ಲಿಗೆ ಹಸಿರು ಬಣ್ಣ ಬಳಿದಿದ್ದಳು. ಬೇರು ಕಪ್ಪಾಗಿ ಕೊಳೆಯುವ ಆ ರೋಗ ಅಂಗಾಲಿನ ಮಣ್ಣಿನಲ್ಲೇ ಹರಡುತ್ತದೆ. ಬಣ್ಣದ ಜೊತೆಗೆ ಅದನ್ನೂ ನಾವು ಮನೆಮನೆಗೆ ಹೊತ್ತು ತಂದಿದ್ದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಯಾರ ಮನೆಯೆದುರೂ ಹುಲ್ಲಿರಲಿಲ್ಲ.

ಬಡಾವಣೆಗೆ ಬಡಾವಣೆಯೇ ಸೂತಕದಲ್ಲಿದ್ದಾಗ ಯಾರು ಯಾರನ್ನು ದೂರವಿಡುವುದು? ನಾನು ಬಸಲಿಂಗಮ್ಮನ ಮನೆಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು, ಬಾಯಿಗೆ ಬಂದದ್ದು ಅನ್ನಬೇಕೆಂದೇ ಹೋಗಿದ್ದೆ. ಆಕೆ ಮೂಲೆಯಲ್ಲಿ ಮುದುಡಿ ಕೂತಿದ್ದಳು. "ಕೂಸಿನ ಹೆಸರಿಡೋ ದಿನ ಮನಿ ಬಿಕೋ ಅನ್ನಬಾರದು ಅನ್ನೋದಷ್ಟ ನನ್ನ ತಲ್ಯಾಗಿತ್ತು, ಅಕ್ಕಾ. ಹೇಳಿದ್ರ ನೀನೂ ಬರ್ತಿರಲಿಲ್ಲ" ಎಂದಳು. ನಿಜ, ನಾನೂ ಹೋಗುತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಆಮೇಲೆ ಆಕೆ ಬೀದಿಗೆ ಮುಖ ತೋರಿಸದೆ ಕೊರಗಿ ಕೊರಗಿ ತೀರಿಕೊಂಡಳು.

ಈ ಕಾಗದ ನಿಮಗೆ ತಲುಪಿದರೆ ಒಂದು ಉಪಕಾರ ಮಾಡಿ. ನಿಮ್ಮ ಹುಲ್ಲು ಹಳದಿಯಾದರೆ ಮುಚ್ಚಿಡಬೇಡಿ, ಪಕ್ಕದವರ ಬಾಗಿಲು ತಟ್ಟಿ. ಅವರೇ ಹೇಳಲು ಬಂದರೆ ಒಳಗೆ ಕರೆದು ಚಹಾ ಕೊಡಿ. ಹೊಣೆ ಯಾರದೆಂದು ಆಮೇಲೆ ಮಾತಾಡಿದರಾಯಿತು.

ದೂರ್ವಾ ಈಗ ಕಾಲೇಜಿಗೆ ಹೋಗುತ್ತಾಳೆ. ಸಂಜೆ ಬಂದು ನನ್ನ ಬಳಿ ಕೂತು, ಹುಲ್ಲಿನ ಮೇಲೆ ನಡೆದರೆ ಹೇಗಿರುತ್ತದೆ ಅಜ್ಜಿ ಎಂದು ಕೇಳುತ್ತಾಳೆ. ನಿನ್ನೆಯೂ ಕೇಳಿದಳು. ತಂಪಾಗಿರುತ್ತದೆ ಎಂದೆ. ಮತ್ತೆ ಹೇಗಿರುತ್ತದೆ ಎಂದಳು. ಎಷ್ಟು ಯೋಚಿಸಿದರೂ ಮುಂದಿನದು ನೆನಪಾಗಲಿಲ್ಲ.

ಇಂತಿ,
ಚೆನ್ನಾಂಬಿಕೆ