ಕೇಳಿಸದೆ ಹೂಂ ಎಂದದ್ದು

ಪ್ರೀತಿಯ ಚಿಟ್ಟಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು.

ಇದನ್ನು ಓದುತ್ತಿದ್ದೀಯ ಎಂದರೆ ಲಕೋಟೆ ಒಡೆದಿದ್ದೀಯ. ಅರ್ಧ ಕೆಲಸ ಆಯಿತು. ನಾಲ್ಕು ವರ್ಷ ಮಾತಿಲ್ಲದೆ ಇದ್ದವಳು ಈಗ ಏಕಾಏಕಿ ಹಾಳೆಗಟ್ಟಲೆ ಬರೆದಿದ್ದಾಳಲ್ಲ ಎಂದು ಹುಬ್ಬು ಗಂಟು ಹಾಕಬೇಡ. ನಿನಗೆ ಹೇಳಲೇಬೇಕಾದ ಮಾತು ಒಂದಿದೆ. ಅದನ್ನು ಹೇಳುವ ಮೊದಲು ನನ್ನ ಕಿವಿಯ ಕಥೆ ಹೇಳಬೇಕು, ಇಲ್ಲದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ಹೇಳುವಾಗ ನಾನು ಸ್ವಲ್ಪ ಜಾಸ್ತಿಯೇ ಹಿಗ್ಗಿದರೆ ಸಹಿಸಿಕೋ. ಹದಿನೆಂಟು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ.

ನನಗೆ ಕಿವಿ ಕೇಳಿಸುತ್ತಿರಲಿಲ್ಲ, ಚಿಟ್ಟಿ. ನಿನಗೆ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಒಪ್ಪಿಕೊಂಡಿರಲಿಲ್ಲ. ಇಪ್ಪತ್ತಾರು ವರ್ಷ ಒಂದೇ ಕಾರ್ಖಾನೆಯಲ್ಲಿ, ಇನ್ನೂರು ಹೊಲಿಗೆ ಮಿಷನ್ನುಗಳ ನಡುವೆ, ಎಣ್ಣೆಡಬ್ಬಿ ಹಿಡಿದು ಓಡಾಡಿದವಳು ನಾನು. ಮಿಷನ್ನಿಗೆ ಏನಾಗಿದೆ ಎಂದು ಬಿಚ್ಚದೆಯೇ ಸದ್ದಿನಲ್ಲೇ ಹೇಳುತ್ತಿದ್ದೆ. ಆ ಎಣ್ಣೆಡಬ್ಬಿಯಿಂದಲೇ ಅಲ್ಲಿ ಎಲ್ಲರೂ ನನ್ನನ್ನು ಎಣ್ಣೆಯಕ್ಕ ಎಂದು ಕರೆಯುವುದು. ಆ ಸದ್ದೇ ನನ್ನ ಕಿವಿಯನ್ನು ತಿಂದಿತು. ಮೊದಲು ಸಣ್ಣ ಸದ್ದುಗಳು ಹೋದವು. ಆಮೇಲೆ ಮಾತಿನೊಳಗಿನ ಸ, ಶ, ತ, ಚ ಎಲ್ಲ ಸವೆದವು. ಯಾರಾದರೂ ಮಾತಾಡಿದರೆ ಮಾತಾಡಿದ್ದು ಗೊತ್ತಾಗುತ್ತಿತ್ತು, ಆಡಿದ್ದು ಏನೆಂದು ಗೊತ್ತಾಗುತ್ತಿರಲಿಲ್ಲ. ಮುಖ ನೋಡಿ ಅಂದಾಜು ಮಾಡುತ್ತಿದ್ದೆ. ಎದುರಿನವರು ನಕ್ಕರೆ ನಗುತ್ತಿದ್ದೆ, ಸುಮ್ಮನಾದರೆ ಹೂಂ ಎನ್ನುತ್ತಿದ್ದೆ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಅದು ಸುಲಭವಾಗಿತ್ತು.

ಸಿಕ್ಕಿಬಿದ್ದದ್ದು ಎರಡು ತಿಂಗಳ ಹಿಂದೆ. ಕಾರ್ಖಾನೆಯಲ್ಲಿ ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕು ಎಂಬುದರ ತಾಲೀಮು ಮಾಡಿಸಿದರು. ಗಂಟೆ ಹೊಡೆದಿದೆ, ನಾನೂರು ಜನ ಮೈದಾನದಲ್ಲಿ ಸಾಲಾಗಿ ನಿಂತಿದ್ದಾರೆ. ನಾನೊಬ್ಬಳು ಒಳಗೆ, ಆ ಗಂಟೆಯ ಕೆಳಗೇ ಮಿಷನ್ನಿನ ಅಡಿಗೆ ತಲೆ ತೂರಿಸಿಕೊಂಡು ಸ್ಕ್ರೂ ತಿರುಗಿಸುತ್ತಿದ್ದೇನೆ. ಮಿಷನ್ನುಗಳೆಲ್ಲ ನಿಂತವಲ್ಲ, ಕರೆಂಟ್ ಹೋಗಿರಬೇಕು ಎಂದುಕೊಂಡಿದ್ದೆ. ಮೇಲ್ವಿಚಾರಕಿ ಬಂದು ಭುಜ ಅಲ್ಲಾಡಿಸಿದಳು. ಬೈಯುತ್ತಾಳೆ ಅಂದುಕೊಂಡರೆ ಅವಳ ಕಣ್ಣಲ್ಲಿ ನೀರು. ಮರುದಿನವೇ ಕಚೇರಿಗೆ ಕರೆದರು. ಒಂದೋ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಾ, ಇಲ್ಲವೇ ನೂಲಿನ ಉಗ್ರಾಣಕ್ಕೆ ಹೋಗು, ಮಿಷನ್ನಿನ ಕೆಲಸ ಸಾಕು ಎಂದರು. ಉಗ್ರಾಣದಲ್ಲಿ ಕೂತು ನೂಲಿನುಂಡೆ ಎಣಿಸುವುದಕ್ಕಿಂತ ಕಿವುಡಿ ಅನ್ನಿಸಿಕೊಳ್ಳುವುದೇ ವಾಸಿ ಎನ್ನಿಸಿತು. ಹೋದೆ.

ಪರೀಕ್ಷೆ ಮಾಡಿದ ತಜ್ಞೆ ನಿನಗಿಂತ ಚಿಕ್ಕವಳು. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಒಂದೊಂದೇ ಸದ್ದು ಬಿಟ್ಟು, ಕೇಳಿದಾಗ ಗುಂಡಿ ಒತ್ತಲು ಹೇಳಿದಳು. ಆಮೇಲೆ ಕಾಗದದ ಮೇಲೆ ಒಂದು ಗೆರೆ ತೋರಿಸಿದಳು. ದಪ್ಪ ಸದ್ದಿನ ಕಡೆ ಸರಿಯಾಗಿದ್ದ ಗೆರೆ, ಸಣ್ಣ ಸದ್ದಿನ ಕಡೆ ಬರುತ್ತ ಬರುತ್ತ ಬಾವಿಗೆ ಇಳಿದಂತೆ ಇಳಿದುಬಿಟ್ಟಿತ್ತು. ಎರಡು ಕಿವಿಯದೂ ಹಾಗೇ.

ಈಗ ಹದಿನೆಂಟು ದಿನದಿಂದ ಎರಡೂ ಕಿವಿಯ ಹಿಂದೆ ಕಡಲೆಬೀಜದಷ್ಟು ದೊಡ್ಡ ಯಂತ್ರ ಕೂತಿದೆ. ನಾನು ಏನು ಅಂದುಕೊಂಡಿದ್ದೆ ಗೊತ್ತಾ? ಅದು ಎಲ್ಲವನ್ನೂ ಜೋರು ಮಾಡುವ ಪುಟ್ಟ ಧ್ವನಿವರ್ಧಕ ಅಂತ. ಅಲ್ಲವೇ ಅಲ್ಲ. ತಜ್ಞೆಯನ್ನು ಒಂದು ಗಂಟೆ ಪೀಡಿಸಿ ಎಲ್ಲ ತಿಳಿದುಕೊಂಡೆ. ಒಳಗೆ ಎರಡು ಮೈಕುಗಳಿವೆ. ಅವು ಹಿಡಿದ ಸದ್ದನ್ನು ಒಂದು ಚಿಪ್ ಅಂಕಿಗಳಾಗಿ ಬದಲಿಸುತ್ತದೆ, ಸೆಕೆಂಡಿಗೆ ಸಾವಿರಾರು ಸಲ. ನಾವು ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತೇವಲ್ಲ, ಹಾಗೆ ಸದ್ದನ್ನು ಪಟ್ಟಿ ಮಾಡುತ್ತದೆ. ದಪ್ಪ ಸದ್ದು ಒಂದು ಪಟ್ಟಿ, ಅದಕ್ಕಿಂತ ಸಣ್ಣದು ಇನ್ನೊಂದು, ಹೀಗೆ ನನ್ನದರಲ್ಲಿ ಹದಿನಾರು. ನನ್ನ ಗೆರೆ ಎಲ್ಲಿ ಬಾವಿಗೆ ಇಳಿದಿದೆಯೋ ಆ ಪಟ್ಟಿಯನ್ನು ಮಾತ್ರ ಮೇಲೆತ್ತುತ್ತದೆ. ಅದರಲ್ಲೂ ಮೆಲ್ಲಗಿನ ಸದ್ದನ್ನು ಹೆಚ್ಚು ಎತ್ತಿ, ಜೋರಿನದನ್ನು ಕಡಿಮೆ ಎತ್ತುತ್ತದೆ. ಇಲ್ಲದಿದ್ದರೆ ಪಿಸುಮಾತು ಕೇಳಲು ಹೋಗಿ ಬಾಗಿಲು ಬಡಿದ ಸದ್ದಿಗೆ ತಲೆ ಸಿಡಿದುಹೋಗುತ್ತದಂತೆ. ಎರಡು ಮೈಕಿನಲ್ಲಿ ಯಾವುದಕ್ಕೆ ಸದ್ದು ಮೊದಲು ತಲುಪಿತು ಎಂದು ನೋಡಿ, ಅದು ಎದುರಿನಿಂದ ಬಂತೋ ಬೆನ್ನ ಹಿಂದಿನಿಂದ ಬಂತೋ ಎಂದು ತಿಳಿದುಕೊಳ್ಳುತ್ತದೆ. ಇಷ್ಟೂ ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿದು, ಮತ್ತೆ ಸದ್ದಾಗಿ ಕಿವಿಯೊಳಗೆ ಬೀಳುತ್ತದೆ. ಇಂಥದ್ದನ್ನು ಮಾಡಿದ ಪುಣ್ಯಾತ್ಮರು ಎದುರಿಗೆ ಸಿಕ್ಕರೆ ಅವರ ಕೈ ಹಿಡಿದು ಬಿಡುವುದಿಲ್ಲ ನಾನು.

ಮೊದಲ ದಿನ ನನ್ನ ಚಪ್ಪಲಿ ಸದ್ದಿಗೆ ನಾನೇ ಮೂರು ಸಲ ಹಿಂತಿರುಗಿ ನೋಡಿದೆ. ನನ್ನ ದನಿ ಡಬ್ಬದೊಳಗಿಂದ ಬಂದಂತಿತ್ತು. ಕಾಗದ ಮಡಿಸಿದರೆ ಸದ್ದು, ತಲೆ ಬಾಚಿದರೆ ಸದ್ದು. ಅಮ್ಮ ಕುರ್ಚಿಯಿಂದ ಏಳುವಾಗ ಅವಳ ಮಂಡಿ ಲಟಕ್ ಎಂದದ್ದು ಕೇಳಿ, ಏನೋ ಮುರಿಯಿತು ಎಂದು ಓಡಿಹೋದೆ. "ಇದು ಹತ್ತು ವರ್ಷದಿಂದ ಹೀಗೇ ಅನ್ನುತ್ತೆ ಕಣೇ, ಇವತ್ತೇನು ಹೊಸದಾಗಿ ಬಂದೆ?" ಎಂದಳು ಅಮ್ಮ.

ಆದರೆ ಕೆಲಸದ ಜಾಗದಲ್ಲಿ ತಮಾಷೆಯಾಯಿತು. ಹುಡುಗಿಯರ ಮಾತೆಲ್ಲ ಕೇಳಿಸುತ್ತಿದೆ, ನನ್ನ ಬಗ್ಗೆ ಆಡಿಕೊಳ್ಳುವುದೂ ಕೇಳಿಸುತ್ತಿದೆ, ಮಿಷನ್ನಿನ ಸದ್ದು ಮಾತ್ರ ಕಂಬಳಿ ಹೊದ್ದು ಮಲಗಿದ ಹಾಗಿದೆ. ಯಾವುದಕ್ಕೆ ಏನು ರೋಗ ಎಂದು ತಿಳಿಯಲಿಲ್ಲ. ನಾಲ್ಕನೇ ದಿನ ತಜ್ಞೆಯ ಮುಂದೆ ಹೋಗಿ ಕೂತೆ.

"ಎಲ್ಲರ ಮಾತೂ ಕೇಳುತ್ತೆ ಕಣಮ್ಮ, ನನ್ನ ಮಿಷನ್ನೇ ಕೇಳಲ್ಲ."

ಅವಳು ನಕ್ಕಳು. "ಅದರ ಕೆಲಸವೇ ಅದು. ಒಂದೇ ಸಮ ಬರೋ ಸದ್ದನ್ನ ಗಲಾಟೆ ಅಂದ್ಕೊಂಡು ತಗ್ಗಿಸುತ್ತೆ. ಏರಿಳಿತ ಇರೋದನ್ನ ಮಾತು ಅಂದ್ಕೊಂಡು ಉಳಿಸುತ್ತೆ."

"ನನಗೆ ಊಟ ಹಾಕಿರೋದೇ ಆ ಗಲಾಟೆ."

ಅವಳು ಕಂಪ್ಯೂಟರಿಗೆ ಯಂತ್ರವನ್ನು ಜೋಡಿಸಿ, ನನ್ನ ಹೊಟ್ಟೆಪಾಡಿಗಾಗಿಯೇ ಇನ್ನೊಂದು ಬಗೆಯ ಹೊಂದಾಣಿಕೆ ಮಾಡಿಕೊಟ್ಟಳು. ಗುಂಡಿ ಒತ್ತಿದರೆ ಎರಡು ಸಲ ಬೀಪ್ ಎನ್ನುತ್ತದೆ, ಗಲಾಟೆಯನ್ನು ತಗ್ಗಿಸುವ ಕೆಲಸ ನಿಲ್ಲುತ್ತದೆ. ಒಂದು ಮಿಷನ್ ಪರೀಕ್ಷಿಸುವಷ್ಟು ಹೊತ್ತು ಮಾತ್ರ, ಮಿಷನ್ನುಗಳು ಓಡುವ ಉಳಿದ ಹೊತ್ತು, ಇರುವ ಕಿವಿಯೂ ಹೋಗದಂತೆ, ಯಂತ್ರ ತೆಗೆದು ಕಿವಿ ಮುಚ್ಚಿಕೊಂಡಿರಬೇಕು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಮರುದಿನ ಊಟದ ಬಿಡುವಿನಲ್ಲಿ, ವಾರದಿಂದ ದಾರ ಕಡಿಯುತ್ತಿದ್ದ ಒಂದು ಮಿಷನ್ನನ್ನು ನಾನೊಬ್ಬಳೇ ಓಡಿಸಿ, ಗುಂಡಿ ಒತ್ತಿ ಬಗ್ಗಿ ಕೇಳಿದೆ. ಗುಂಯ್ ಎನ್ನುವುದರ ಒಳಗೆ ಎಲ್ಲೋ ಟಿಕ್, ಟಿಕ್, ಟಿಕ್. ಕೆಳಗಿನ ಕೊಕ್ಕೆಯ ತುದಿ ಸೂಜಿಗೆ ತಾಗುತ್ತಿದೆ. ಬಿಚ್ಚಿ ನೋಡಿದರೆ ಅದೇ. ಚಿಟ್ಟಿ, ನಾನು ಆ ಮಿಷನ್ನಿನ ತಲೆ ಸವರಿ ಅತ್ತುಬಿಟ್ಟೆ. ಉಗ್ರಾಣದ ಮಾತನ್ನು ಆಮೇಲೆ ಯಾರೂ ಎತ್ತಿಲ್ಲ.

ಈಗ ಆ ಮಾತಿಗೆ ಬರುತ್ತೇನೆ.

ಕಳೆದ ಭಾನುವಾರ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ತಟ್ಟೆ ತೊಳೆಯುತ್ತಿದ್ದೆ. ಅಮ್ಮ ಹಿಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಬಟಾಣಿ ಹಾಕಿಕೊಳ್ಳಲಿ ಎಂದು ನಾನು ತಿರುಗಿ ಅವಳ ಕಡೆ ತಟ್ಟೆ ಚಾಚಿದೆ. ನೀರಿನ ಸದ್ದನ್ನು ಯಂತ್ರ ತಗ್ಗಿಸಿತು, ಅಮ್ಮ ತನ್ನಷ್ಟಕ್ಕೆ ತಾನು ಗೊಣಗಿದ್ದನ್ನು ಎತ್ತಿಕೊಟ್ಟಿತು.

"ಆ ಮಗು ಉಳಿದಿದ್ರೆ ಈ ವರ್ಷ ನರ್ಸರಿಗೆ ಸೇರಿಸೋದಿತ್ತು."

"ಯಾವ ಮಗು?" ಎಂದೆ.

ಅಮ್ಮನ ಕೈ ನಿಂತಿತು. "ಕೇಳಿಸ್ತಾ ನಿನಗೆ?"

"ಕೇಳಿಸ್ತು. ಯಾವ ಮಗು ಅಮ್ಮ?"

"ಚಿಟ್ಟೀದು. ಇನ್ಯಾರದು? ನೀನೇ ತಾನೆ ಅವಳಿಗೆ ಅಂದದ್ದು, ಹೋದ್ರೆ ಹೋಯ್ತು, ಪೀಡೆ ಕಳೀತು ಅಂತ."

ತಟ್ಟೆ ನನ್ನ ಕೈಯಲ್ಲೇ ಉಳಿಯಿತು. ನಾನು ಅಂದಿದ್ದೆ. ನನಗೆ ಚೆನ್ನಾಗಿ ನೆನಪಿದೆ. ಅದೇ ಅಡುಗೆಮನೆ, ಅದೇ ನಲ್ಲಿ. ನೀನು ಬಾಗಿಲಿಗೆ ಒರಗಿ ನಿಂತಿದ್ದೆ. ನೀನು ಯಾವತ್ತೂ ಮೆಲ್ಲಗೆ ಮಾತಾಡುವವಳು, ಅವತ್ತು ಇನ್ನೂ ಮೆಲ್ಲಗಿದ್ದೆ. ನನಗೆ ಕೇಳಿದ್ದು ಇಷ್ಟೇ: "ಅಕ್ಕ, ... ಹೋಗ್ಬಿಡ್ತು." ಆರು ತಿಂಗಳಿಂದ ನಿನ್ನ ಬಟ್ಟೆ ಒಗೆಯುವ ಮಿಷನ್ ಸೋರುತ್ತಿದೆ, ಬಂದು ನೋಡು ಎಂದು ಕರೆಯುತ್ತಿದ್ದೆಯಲ್ಲ, ಅದೇ ಕೆಟ್ಟುಹೋಯಿತು ಎಂದುಕೊಂಡೆ. ನಗುತ್ತ ಹೇಳಿದೆ, "ಹೋದ್ರೆ ಹೋಯ್ತು ಬಿಡು, ಪೀಡೆ ಕಳೀತು. ಹೊಸದು ತಂದ್ರಾಯ್ತು."

ನೀನು ಚಹಾ ಮುಟ್ಟದೆ ಹೊರಟುಹೋದೆ. ರಿಪೇರಿಗೆ ಬರಲಿಲ್ಲವೆಂದು ಮುನಿಸು ಎಂದುಕೊಂಡೆ ನಾನು. ನೀನು ಬಸುರಿ ಎಂಬುದೇ ನನಗೆ ಗೊತ್ತಿರಲಿಲ್ಲ. ಫೋನಿನಲ್ಲಿ ನನಗೇ ಮೊದಲು ಹೇಳಿದ್ದೆಯಂತೆ, ನಾನು "ಹೂಂ ಹೂಂ, ಒಳ್ಳೇದು" ಎಂದಿದ್ದೆನಂತೆ. ಅದೂ ಕೇಳಿಸದೆ ಅಂದದ್ದು. ಆಮೇಲೆ ಅಮ್ಮ, "ಅವಳಿಗೆ ಹಾಗನ್ನಬಾರದಿತ್ತು" ಎಂದಾಗ, ಮಿಷನ್ನಿನ ಮಾತೆಂದುಕೊಂಡು, "ಇದ್ದದ್ದನ್ನ ಹೇಳಿದೆ" ಎಂದುಬಿಟ್ಟೆ. ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ ನೀನು ಅಮ್ಮನನ್ನು ಕಾಣಲು ಬರುತ್ತಿದ್ದೆ ಎಂಬುದೂ ನನಗೆ ಗೊತ್ತಾದದ್ದು ಅವತ್ತೇ.

ಕಿವಿ ಹೋದದ್ದು ನನ್ನ ತಪ್ಪಲ್ಲ, ಚಿಟ್ಟಿ. "ಏನಂದೆ? ಇನ್ನೊಂದು ಸಲ ಹೇಳು" ಎಂದು ಕೇಳದೆ ಹೋದದ್ದು ನನ್ನ ತಪ್ಪು. ಅದನ್ನು ಯಂತ್ರದ ತಲೆಗೆ ಕಟ್ಟುವುದಿಲ್ಲ. ನನ್ನನ್ನು ಕ್ಷಮಿಸು.

ನಿನ್ನೆ ಸಂಜೆ ನಿನಗೆ ಫೋನ್ ಬಂದಿತ್ತಲ್ಲ, ಯಾರೂ ಮಾತಾಡದೆ ಇಟ್ಟದ್ದು, ಅದು ನಾನೇ. ಅಮ್ಮನ ಬಳಿ ನಿನ್ನ ಹೊಸ ನಂಬರು ಪಡೆದು, ನಿನಗೆ ಗೊತ್ತಿಲ್ಲದ ನನ್ನ ಹೊಸ ನಂಬರಿನಿಂದ ಮಾಡಿದೆ. ಈ ಯಂತ್ರಗಳಲ್ಲಿ ಫೋನಿನ ಮಾತು ನೇರ ಎರಡೂ ಕಿವಿಗೆ ಬರುತ್ತದೆ. "ಹಲೋ, ಯಾರು?" ಎಂದೆ ನೀನು. ಆಮೇಲೆ ಪಕ್ಕಕ್ಕೆ ತಿರುಗಿ ನಿನ್ನ ಯಜಮಾನರಿಗೆ, "ಯಾರೋ ರೀ, ಮಾತಾಡ್ತಿಲ್ಲ" ಎಂದೆ. ಎಷ್ಟು ಮೆಲ್ಲಗೆ ಅಂದೆ ನೀನು, ಒಂದಕ್ಷರ ಬಿಡದೆ ಕೇಳಿಸಿತು. ನಿನ್ನ ದನಿ ಹೀಗಿದೆ ಎಂಬುದೇ ನನಗೆ ಮರೆತುಹೋಗಿತ್ತು. ಫೋನ್ ಇಟ್ಟು, ಅಮ್ಮನನ್ನು ತಬ್ಬಿಕೊಂಡು ಹುಚ್ಚಿಯ ಹಾಗೆ ನಕ್ಕೆ, ಅತ್ತೆ, ಮತ್ತೆ ನಕ್ಕೆ. ಆ ಸಂತೋಷದಲ್ಲೇ ಈ ಕಾಗದ ಬರೆಯಲು ಕೂತದ್ದು.

ಬರುವ ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಬರುತ್ತೇನೆ. ಬೇಡವೆನ್ನಿಸಿದರೆ ಬಾಗಿಲು ತೆಗೆಯಬೇಡ, ಮುಂದಿನ ಭಾನುವಾರ ಮತ್ತೆ ಬರುತ್ತೇನೆ. ಬೈಯಬೇಕೆನ್ನಿಸಿದರೆ ನಾಲ್ಕು ವರ್ಷದ್ದನ್ನೂ ಸೇರಿಸಿ ಬೈ. ಆ ಮಗುವಿಗೆ ನೀನೊಂದು ಹೆಸರು ಯೋಚಿಸಿಟ್ಟಿದ್ದೆಯಂತೆ, ಅಮ್ಮನಿಗೂ ಹೇಳಿಲ್ಲವಂತೆ. ನನಗೆ ಹೇಳಬೇಕೆನ್ನಿಸಿದರೆ ಹೇಳು. ಎಷ್ಟು ಮೆಲ್ಲಗೆ ಹೇಳಿದರೂ ಕೇಳಿಸಿಕೊಳ್ಳುತ್ತೇನೆ.

ನೀನೂ ನಿನ್ನ ಯಜಮಾನರೂ ನೂರು ಕಾಲ ತಣ್ಣಗಿರಿ.

ನಿನ್ನ ದಾರಿ ಕಾಯುವ,
ಅಕ್ಕ