ಅತ್ತೆಯ ಸ್ಟೂಲಿನ ಎರಡು ಮೊಳೆ

ಪ್ರೀತಿಯ ಅತ್ತೆಗೆ,

ಅಪ್ಪನ ಮರಗೆಲಸದ ವೆಬ್‌ಸೈಟ್ ಶುರುವಾಗಿ ಇನ್ನೂ ಎರಡು ದಿನ, ಆಗಲೇ ನಿಮ್ಮ ತಕರಾರು ಬಂತು. "ಬರೀ ಕೈ ಉಳಿ, ಕೈ ಗರಗಸ, ಒಂದು ಮೊಳೆಯೂ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದೀಯಲ್ಲೇ! ನನ್ನ ಸ್ಟೂಲು ಅಲ್ಲಾಡ್ತಿದೆ ಅಂತ ಬೋರಲು ಹಾಕಿದ್ರೆ ಎರಡು ಮೊಳೆ ಕಂಡವು" ಅಂದಿದ್ದೀರಿ. ನನ್ನನ್ನು ನಗಿಸೋಕೆ ಅಂದಿದ್ದು ಅಂತ ಗೊತ್ತು. ನಗು ಬರಲಿಲ್ಲ.

"ಮೊಳೆ ಹೊಡೆಯೋದು ಸೋತವನ ಕೆಲಸ" ಅಂತ ಅಪ್ಪ, ನಿಮ್ಮ ತಮ್ಮ, ಜೀವನವಿಡೀ ನನ್ನ ತಲೆ ತಿಂದವರು. ಆ ಸ್ಟೂಲು ಅವರು ತೀರಿಕೊಳ್ಳುವ ಹಿಂದಿನ ವಾರ ಮಾಡಿದ್ದು. ಕೈ ನಡುಗಿ ಉಳಿ ಗೆರೆ ದಾಟಿತ್ತು, ಕಾಲು ಕೂರಿಸುವ ತೂತು ದೊಡ್ಡದಾಗಿತ್ತು. "ಚಕ್ಕೆ ಸೇರಿಸಿ ಅಂಟು ಹಾಕ್ತೀನಿ, ಒಣಗೋವರೆಗೆ ಕಾಲು ಹಿಡ್ಕೋ ಬಾರೇ" ಅಂತ ಕರೆದರು. ನಾನು ಪಕ್ಕದ ಕೋಣೆಯಲ್ಲಿ ಇದೇ ವೆಬ್‌ಸೈಟಿಗೆ ಅವರ ಉಳಿಗಳ ಫೋಟೋ ಜೋಡಿಸುತ್ತಿದ್ದೆ. "ಬಂದೆ ಅಪ್ಪಾ" ಅಂದೆ. ಮೂರು ಸಲ ಅಂದೆ. ಎದ್ದು ಹೋಗುವಷ್ಟರಲ್ಲಿ ಸ್ಟೂಲು ನೆಟ್ಟಗೆ ನಿಂತಿತ್ತು, ಅಪ್ಪ ಕೈ ತೊಳೆಯುತ್ತಿದ್ದರು. "ಆಯ್ತು ಬಿಡು" ಅಂದರು. ಹೇಗಾಯ್ತು ಅಂತ ನಾನು ಕೇಳಲಿಲ್ಲ.

ವೆಬ್‌ಸೈಟಿನ ಆ ಸಾಲನ್ನು ಇವತ್ತು ಅಳಿಸಿದೆ. ಸ್ಟೂಲಿನ ಅಡಿಭಾಗದ ಒಂದು ಫೋಟೋ ಕಳಿಸಿ, ವೆಬ್‌ಸೈಟಿಗಲ್ಲ, ನನಗೆ. ಅಲ್ಲಾಡುವ ಕಾಲಿನ ಕೆಳಗೆ ಸದ್ಯಕ್ಕೆ ರಟ್ಟು ಮಡಚಿ ಇಡಿ. ಯಾರನ್ನೂ ರಿಪೇರಿಗೆ ಕರೆದು ಮೊಳೆ ಕೀಳಿಸಬೇಡಿ. ಆವತ್ತು ನಾನು ಹಿಡಿಯಬೇಕಿದ್ದ ಕಾಲನ್ನು ಅವೇ ಹಿಡಿದುಕೊಂಡಿವೆ.

ನೀವೇ ಹೆಸರಿಟ್ಟ
ಬಾಯಿಬಡಕಿ