ಬಸ್ಸಿನ ಸುತ್ತ ಬಿದ್ದ ಬಿರುಕು

ಶನಿವಾರ, ತಾರೀಕು ಹದಿನಾಲ್ಕು
ಮಧ್ಯಾಹ್ನ

ಇಣಚಿಯ ಅಪ್ಪನಿಗೆ,

ಇಣಚಿಯ ಅಮ್ಮ ಮಾಡುವ ನಮಸ್ಕಾರ. ಕ್ಷೇಮವೆಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ.

ನಿಮ್ಮ ಕಾಗದ ಸೋಮವಾರ ಬಂತು. ನಾಲ್ಕು ವರ್ಷಕ್ಕೆ ಐದು ಸಾಲು. ಬೇರೆಯಾಗುವ ಪತ್ರಗಳಿಗೆ ಸಹಿ ಮಾಡಿ ಕಳಿಸು, ಕುಲುಮೆಯನ್ನು ಮಾರಿಬಿಡು, ನನಗೆ ಏನೂ ಬೇಡ, ಆರೋಗ್ಯ ನೋಡಿಕೋ. ಇವು ನಾಲ್ಕು. ಐದನೆಯ ಸಾಲಿನಲ್ಲಿ, ಇಣಚಿಯ ಗಾಜಿನ ಬಸ್ಸನ್ನು ನನ್ನ ಕೈಯಾರೆ ಒಡೆದ ಮೇಲೆ ಆ ಮನೆಯಲ್ಲಿ ನನಗೆ ಹಕ್ಕಿಲ್ಲ ಎಂದು ಬರೆದಿದ್ದೀರಿ. ಮೊದಲ ನಾಲ್ಕಕ್ಕೆ ಉತ್ತರ ಸುಲಭ. ಐದನೆಯದಕ್ಕಾಗಿ ಐದು ದಿನದಿಂದ ಹಾಳೆ ಹರಿಯುತ್ತಿದ್ದೇನೆ.

ಸಹಿ ಮಾಡಿದ್ದೇನೆ. ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ ಮೂರು ಕಡೆಯೂ. ಗಾಜು ಕರಗಿಸುವ ನಮ್ಮ ಕರೆಂಟಿನ ಕುಲುಮೆಯನ್ನು ತಾಮ್ರದ ಬಿಲ್ಲೆಗಳ ಮೇಲೆ ಬಣ್ಣ ಕಾಯಿಸುವ ಹೆಂಗಸೊಬ್ಬಳು ಕೊಂಡಳು. ಗುರುವಾರ ನಾಲ್ಕು ಆಳು ಬಂದು ಹೊತ್ತರು. ಒಳಗಿನ ಇಟ್ಟಿಗೆ ಮೆತ್ತಗಿದೆ, ಉಗುರು ತಾಗಿದರೂ ಉದುರುತ್ತದೆ, ನಿಧಾನ ಎಂದು ನಾನು ಹಿಂದೆಹಿಂದೆಯೇ ಹೋದೆ. ಅವರಲ್ಲೊಬ್ಬ ಬೆವರು ಒರೆಸಿಕೊಳ್ಳುತ್ತಾ, ಇದೇನಮ್ಮ, ಕುಲುಮೆಯೋ ಹೊಸ ಸೊಸೆಯೋ ಅಂದ. ಉಳಿದವರು ನಕ್ಕರು. ನನಗೂ ನಗು ಬಂತು. ಬಂದದ್ದು ನೋಡಿ ನನಗೇ ಹೆದರಿಕೆಯಾಯಿತು.

ಅವರು ಬರುವ ಮುಂಚೆ ಕುಲುಮೆಯ ಹಿಂದಿನಿಂದ ಒಂದು ಗೋಣಿತಟ್ಟಿನ ಕಟ್ಟನ್ನು ಎಳೆದು ಒಳಗೆ ತಂದೆ. ನೀವು ಹೊರಡುವಾಗ, ಅದನ್ನು ಎಲ್ಲಾದರೂ ಹೂತುಬಿಡು ಅಂದಿದ್ದಿರಿ. ಹೂತೆ ಎಂದು ನಾನು ಹೇಳಿದ್ದೆ. ಹೂತಿರಲಿಲ್ಲ. ಈ ಕಾಗದದಲ್ಲಿ ಒಪ್ಪಿಕೊಳ್ಳಬೇಕಾದ ಸುಳ್ಳುಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು.

ನನ್ನ ಓದು ನಿಮಗೆ ಗೊತ್ತು, ಏಳನೆಯ ತರಗತಿ. ದಿನಕ್ಕೊಂದು ಪುಟ ಬರೆಯುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಆ ದಿನದ ಪುಟ ತೆಗೆದು ನೋಡಿದರೆ 'ಬಸ್ಸು ಒಡೆಯಿತು' ಎಂದಷ್ಟೇ ಇದೆ. ಯಾರಿಂದ ಎಂದು ಬರೆಯಲಿಲ್ಲ. ನನ್ನ ಪುಸ್ತಕಕ್ಕೂ ನಾನು ನಿಜ ಹೇಳಿರಲಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ನಡುವಿನಿಂದ ಶುರುಮಾಡಿದರೆ ನಾನು ಮತ್ತೆ ಯಾವುದಾದರೂ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತೇನೆ.

ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ ಮೇಲೆ ಅವಳ ಹಾಸಿಗೆಯನ್ನು ರಸ್ತೆ ಕಡೆಯ ಕಿಟಕಿಗೆ ಹಾಕಿದೆವು. ಒಂಬತ್ತು ವರ್ಷದ ಹುಡುಗಿ, ಆರು ವರ್ಷದವಳ ತೂಕ. ಅಳಿಲಿನ ಹಾಗೆ ಒಂದು ಕಡೆ ಕೂರದವಳೆಂದೇ ಇಣಚಿ ಅನ್ನಿಸಿಕೊಂಡವಳು ಈಗ ಮಲಗಿದಲ್ಲಿಂದಲೇ ಬಸ್ಸು ಎಣಿಸುತ್ತಿದ್ದಳು. ಒಂದು ದಿನ, ಗಾಜಿನಲ್ಲಿ ಬಸ್ಸು ಮಾಡಿಕೊಡಿ, ಕಿಟಕಿಗೆ ನಿಲ್ಲಿಸಿಕೊಳ್ಳುತ್ತೇನೆ, ಆಗ ರಾತ್ರಿಯಾದರೂ ಒಂದು ಬಸ್ಸು ಇರುತ್ತದೆ ಅಂದಳು. ಮಾಡಿಕೊಡುವುದಿಲ್ಲ, ನೀನೇ ಮಾಡು ಎಂದಿರಿ ನೀವು. ಹಾಸಿಗೆಯ ಮೇಲೆ ಹಲಗೆ ಇಟ್ಟುಕೊಟ್ಟಿರಿ. ಗಾಜಿನ ರವೆಯ ಡಬ್ಬಿಗಳು, ಗಾಜಿನ ಹಿಟ್ಟು, ಟೀ ಸೋಸುವ ಜಾಲರಿ, ಚಿಮಟ. ಹಿಟ್ಟು ಎದೆಗೆ ಹೋಗಬಾರದೆಂದು ಮೂಗಿಗೆ ಬಟ್ಟೆ ಕಟ್ಟಿದಾಗ, ಇನ್ನೇನು ಹಾಳಾಗೋದಿದೆ ಎಂದು ದೊಡ್ಡವರ ಹಾಗೆ ಹೇಳಿ ನಮ್ಮಿಬ್ಬರನ್ನೂ ಗೋಡೆ ಕಡೆ ತಿರುಗಿಸಿದ್ದಳು.

ಬಸ್ಸಿನ ತುಂಬ ಜನ. ನೀವು ಡ್ರೈವರು, ವೈದ್ಯರು ಕಂಡಕ್ಟರು. ನಿಮ್ಮಕ್ಕ ಎರಡು ಸೀಟು ಹಿಡಿದು ಕೂತಿದ್ದಳು. ನನ್ನನ್ನು ಇಣಚಿ ಕೊನೆಯ ಕಿಟಕಿಯಲ್ಲಿ ಕೂರಿಸಿ, ಅಮ್ಮ ಟಿಕೆಟ್ ತಗೊಂಡಿಲ್ಲ, ಅದಕ್ಕೇ ಹಿಂದೆ ಅಡಗಿದಾಳೆ ಅಂದಳು. ನೀನೆಲ್ಲಿ ಎಂದು ನಿಮ್ಮಕ್ಕ ಕೇಳಿದಾಗ, ನಾನು ಇಳಿಯೋ ಸ್ಟಾಪ್ ಬಂತಲ್ಲ ಅತ್ತೆ ಎಂದಳು. ಆ ಮಾತಿಗೆ ನಿಮ್ಮಕ್ಕ ಎದ್ದು ಹಿತ್ತಲಿಗೆ ಹೋದವಳು ಸಂಜೆಯವರೆಗೂ ಒಳಗೆ ಬರಲಿಲ್ಲ.

ಮುಖಗಳೆಲ್ಲ ಆದವು. ಬಸ್ಸಿನ ಮೈಗೆ ಮಾತ್ರ ಬಣ್ಣ ಸಿಗಲಿಲ್ಲ. ರಸ್ತೆಯಲ್ಲಿ ಓಡುವ ಬಸ್ಸಿನದೇ ಗಿಳಿಹಸಿರು ಬೇಕೆಂದು ಹಟ. ನಾವು ಕಾಯಿಸುವ ಗಾಜಿನ ಅಟ್ಟಣಿಗೆಯಲ್ಲಿ ಕಡುಹಸಿರಿತ್ತು, ನೀರುಹಸಿರಿತ್ತು, ಗಿಳಿಹಸಿರು ಇರಲಿಲ್ಲ. ಇದ್ದದ್ದು ಎದುರು ಗೋಡೆಯ ಅಟ್ಟಣಿಗೆಯಲ್ಲಿ. ಮುಚ್ಚಿಹೋದ ಅಂಗಡಿಯಿಂದ ನೀವು ತಂದಿದ್ದ ಆ ಗಾಜು ಸೀಸದ ಪಟ್ಟಿ ಹಾಕಿ ಕೂಡಿಸುವ ಕಿಟಕಿಗಳಿಗೆ, ಕಾಯಿಸುವುದಕ್ಕಲ್ಲ. ನಮ್ಮದರ ಜೊತೆ ಬೆರೆಯದಿರಲಿ ಎಂದು ಅದರ ಪ್ರತಿ ಹಾಳೆಯ ಮೂಲೆಗೂ ಬಿಳಿ ಗುರುತು ಹಾಕಿಟ್ಟಿದ್ದಿರಿ. ಮದುವೆಯಾದ ಹೊಸದರಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಅದು. ಎರಡು ಕುಲದ ಗಾಜನ್ನು ಒಟ್ಟಿಗೆ ಕಾಯಿಸಬಾರದು, ಬಿಸಿಯಲ್ಲಿ ಎರಡೂ ಕರಗಿ ಅಪ್ಪಿಕೊಳ್ಳುತ್ತವೆ, ತಣ್ಣಗಾಗುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ, ಆಗ ಜಗಳ ಶುರು ಎಂದಿದ್ದಿರಿ. ನಮ್ಮಿಬ್ಬರದು ಹೇಗೆ ಎಂದು ನಾನು ಕೇಳಿದ್ದಕ್ಕೆ, ತಣ್ಣಗಾದ ಮೇಲೆ ನೋಡೋಣ ಎಂದು ನಕ್ಕಿದ್ದಿರಿ.

ಆ ಹಸಿರನ್ನು ಕೊಯ್ದವಳು ನಾನು. ನೀವು ಆಸ್ಪತ್ರೆಯಿಂದ ಔಷಧಿ ತರಲು ಹೋಗಿದ್ದಿರಿ. ಗುರುತು ನೋಡಿಯೇ ಕೊಯ್ದೆ. ಮೂಲೆ ಬಿಟ್ಟು ನಡುವಿನಿಂದ ಎರಡು ಅಂಗೈ ಅಗಲದ ತುಂಡು, ಅಂಚನ್ನು ಕಲ್ಲಿಗೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ ಅವಳ ಕೈಗೆ ಕೊಟ್ಟೆ. ಕೊಯ್ದ ಮೇಲೆ ಯಾವ ಗಾಜು ಯಾವ ಕುಲದ್ದೆಂದು ನಿಮ್ಮ ಕಣ್ಣಿಗೂ ತಿಳಿಯುವುದಿಲ್ಲ. ಕೆಲವು ಸಲ ತಡೆದುಕೊಳ್ಳುತ್ತದೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಹೆಚ್ಚು ದಿನವೇನೂ ಬಾಳಬೇಕಿರಲಿಲ್ಲವಲ್ಲ, ಎರಡು ವಾರ ಉಳಿದರೆ ಸಾಕಿತ್ತು. ತಾಯಿಯಾಗಿ ನಾನು ಹಾಕಿದ ಲೆಕ್ಕ ಇದು. ಬರೆಯಲು ಕೈ ಬರುವುದಿಲ್ಲ, ಆದರೂ ಬರೆದಿದ್ದೇನೆ.

ಹಸಿರನ್ನು ಎಲ್ಲಿಂದ ತಂದೆ ಎಂದು ನೀವು ಕೇಳಿದಿರಿ. ನಮ್ಮದೇ ಹಳೆಯ ತುಂಡುಗಳ ಪೆಟ್ಟಿಗೆಯಲ್ಲಿತ್ತು ಅಂದೆ. ನೀವು ನಂಬಿದಿರಿ. ಬೇರೆ ದಿನವಾಗಿದ್ದರೆ ನಂಬುತ್ತಿರಲಿಲ್ಲ.

ಕುಲುಮೆಯ ಕಲ್ಲುಹಲಗೆಗೆ ಗಾಜು ಅಂಟದ ಹಾಗೆ ಬಿಳಿಮಣ್ಣಿನ ಲೇಪ ಹಚ್ಚಿ ಒಣಗಿಸಿದ್ದಿರಿ. ಎರಡು ಪದರ ತಿಳಿಗಾಜು, ಅದರ ಮೇಲೆ ಬಸ್ಸು, ಬಸ್ಸಿನೊಳಗೆ ನಾವೆಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಒಳಗೆ ಇಟ್ಟಿರಿ. ನಿಧಾನವಾಗಿ ಎಂಟುನೂರು ಡಿಗ್ರಿ ತನಕ ಏರಿಸಿ, ಹತ್ತು ನಿಮಿಷ ನಿಲ್ಲಿಸಿ, ಐನೂರರ ಹತ್ತಿರಕ್ಕೆ ಇಳಿಸಿ ಎರಡು ಗಂಟೆ ಹಾಗೇ ಬಿಟ್ಟಿರಿ. ಅದಕ್ಕೆ ನೀವು ಗಾಜಿಗೆ ಸಮಾಧಾನ ಮಾಡುವುದು ಅನ್ನುತ್ತಿದ್ದಿರಿ. ಆಮೇಲೆ ಕಾಯುವುದಷ್ಟೇ. ನಲವತ್ತಕ್ಕೆ ಇಳಿಯುವ ತನಕ ಮುಚ್ಚಳ ಮುಟ್ಟಬಾರದು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳಿಗೆ ನೀರು ಕುಡಿಸಿ ನಾನು ಕುಲುಮೆಯ ಹತ್ತಿರ ಬಂದು ಕೂತೆ. ಮೀಟರು ಇನ್ನೂರ ಮೂವತ್ತು ತೋರಿಸುತ್ತಿತ್ತು. ಆಗ ಒಳಗಿನಿಂದ ಸದ್ದು ಬಂತು. ಲೋಟಕ್ಕೆ ಚಮಚ ತಾಗಿದಷ್ಟೇ, ಒಂದೇ ಸಲ. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳಿಗೆ ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ನೀವು ಇನ್ನೂ ಎದ್ದಿರಲಿಲ್ಲ. ಮುಚ್ಚಳ ಮುಚ್ಚಿಯೇ ಇತ್ತು.

ನೀವು ಬಂದದ್ದು ಎಂಟು ಗಂಟೆಗೆ. ಮುಖ ತೊಳೆದಿರಲಿಲ್ಲ. ಅವಳ ಉಸಿರು ಸರಿಯಿಲ್ಲ, ಬಸ್ಸು ಕೇಳುತ್ತಿದ್ದಾಳೆ ಅಂದಿರಿ. ಮೀಟರು ನೂರ ಐವತ್ತರಲ್ಲಿತ್ತು. ಎರಡು ಬೆರಳಷ್ಟು ಮುಚ್ಚಳ ಎತ್ತಿಟ್ಟರೆ ಮಧ್ಯಾಹ್ನಕ್ಕಾದರೂ ಕೊಡಬಹುದು ಎಂದು ಲೆಕ್ಕ ಹಾಕಿ ನನ್ನ ಮುಖ ನೋಡಿದಿರಿ.

"ತೆಗೀಲಾ? ಏನಂತೀಯ?"

"ನಿಮ್ಮಿಷ್ಟ."

ನಾನು ಅಂದದ್ದು ಅಷ್ಟೇ. ಒಳಗೆ ಅದು ಆಗಲೇ ಒಡೆದಿದೆ ಎಂದು ಗೊತ್ತಿದ್ದೂ ನಿಮ್ಮಿಷ್ಟ ಅಂದೆ. ನೀವು ಮುಚ್ಚಳ ಎತ್ತಿ, ಇಟ್ಟಿಗೆ ಚೂರು ಸಿಕ್ಕಿಸಿ, ಬಗ್ಗಿ ನೋಡಿದಿರಿ. ಆಮೇಲೆ ನೆಲದ ಮೇಲೆ ಕೂತುಬಿಟ್ಟಿರಿ. ಹೊರಗಿನ ಗಾಳಿ ತಾಗಿ ಒಡೆಯಿತು, ನಾನೇ ಒಡೆದೆ, ಗೊತ್ತಿದ್ದೂ ಒಡೆದೆ ಎಂದು ತಲೆ ಚಚ್ಚಿಕೊಂಡಿರಿ. ನಿಮ್ಮ ಬೆನ್ನು ಸವರಿದೆ ನಾನು. ಸಮಾಧಾನ ಹೇಳಿದೆ. ಆ ಕೈಯನ್ನು ಈಗ ಎಲ್ಲಿಡಲಿ?

ನೀವು ಸರಿಯಾಗಿ ನೋಡಲಿಲ್ಲ. ನೋಡಿದ್ದರೆ ನಿಮಗೇ ತಿಳಿಯುತ್ತಿತ್ತು, ನನಗೆ ಬಿರುಕು ಓದಲು ಕಲಿಸಿದವರು ನೀವೇ. ಗಾಳಿ ತಾಗಿ ಒಡೆದ ಗಾಜಿನ ಬಿರುಕು ಈ ಅಂಚಿನಿಂದ ಆ ಅಂಚಿಗೆ ಅಡ್ಡ ಹಾಯುತ್ತದೆ, ನಡುವೆ ಏನಿದ್ದರೂ ಲೆಕ್ಕಿಸುವುದಿಲ್ಲ. ಇದು ಹಾಗಲ್ಲ. ಬಸ್ಸಿನ ಮೈಯನ್ನು ಹಿಡಿದು, ಚಕ್ರದ ಹತ್ತಿರ ತಿರುಗಿ, ಪೂರ್ತಿ ಸುತ್ತು ಬಂದಿದೆ. ನಿನ್ನೆ ಗೋಣಿತಟ್ಟಿನ ಆ ಕಟ್ಟು ಬಿಚ್ಚಿ, ಕ್ಯಾಮೆರಾ ರಿಪೇರಿಯವನಿಂದ ನೀವು ತಂದಿದ್ದ, ಬೆಳಕು ಸೋಸುವ ಆ ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ಬೆಳಕಿಗೆ ನೋಡಿದೆ. ಒಳಗೆ ಜಗಳವಿರುವ ಗಾಜು ಅದರಲ್ಲಿ ಬೆಳ್ಳಗೆ ಹೊಳೆಯುತ್ತದಲ್ಲ. ಉಳಿದದ್ದೆಲ್ಲ ಕತ್ತಲು, ಹಸಿರಿನ ಅಂಚಿಗೆ ಮಾತ್ರ ಬೆಂಕಿ ಹತ್ತಿದ ಹಾಗಿತ್ತು. ನಾಲ್ಕು ವರ್ಷವಾದರೂ ಅದು ಆರಿಲ್ಲ. ಒಂದು ತುಂಡನ್ನು ಈ ಕಾಗದದ ಜೊತೆ ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ನನ್ನ ಮಾತು ನಂಬಬೇಡಿ, ಗಾಜು ನೋಡಿ.

ಇನ್ನೂ ತಣ್ಣಗಾಗಿಲ್ಲ ಎಂದು ಅವಳಿಗೆ ಹೇಳೋಣ ಅಂದಿರಿ. ಹಾಗೆಯೇ ಹೇಳಿದೆವು. ಮೂರನೆಯ ದಿನ ಬೆಳಿಗ್ಗೆ ಅವಳು ಹೋದಳು.

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀರಿ. ಮೊದಲು ಮನೆ ತುಂಬ ಜನ. ಆಮೇಲೆ ನೀವು ಊಟ ಬಿಟ್ಟಿರಿ, ಈಗ ಹೇಳಿದರೆ ಇನ್ನೂ ಕುಸಿಯುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ತಿಂಗಳಿಗೆ ನೀವು ಹೊರಟಿರಿ. ಬಾಗಿಲಲ್ಲಿ ನಿಂತು ಚೀಲದ ಜಿಪ್ಪು ಎಳೆಯುತ್ತಿದ್ದಾಗ ಹೇಳಬಹುದಿತ್ತು. ಜಿಪ್ಪು ಸಿಕ್ಕಿಕೊಂಡಿತ್ತು, ಬಿಡಿಸಿಕೊಟ್ಟೆ. ನಿಜವೆಂದರೆ, ನೀವು ಅಪರಾಧಿಯಾಗಿದ್ದಾಗ ನನಗೆ ಬರೀ ದುಃಖವಿತ್ತು. ಬರೀ ದುಃಖವನ್ನು ಹೊರಬಹುದು.

ಹೋದ ತಿಂಗಳು ನಿಮ್ಮಕ್ಕ ಬಂದಿದ್ದಳು. ನೀವು ಕಿಟಕಿ ಗಾಜು ಕೊಯ್ಯುವ ಅಂಗಡಿಯಲ್ಲಿ ಕೆಲಸಕ್ಕಿದ್ದೀರಂತೆ, ಬೆಂಕಿಯ ಹತ್ತಿರ ಸುಳಿಯುವುದಿಲ್ಲವಂತೆ, ಹಾಲು ಕಾಯಿಸುವುದಕ್ಕೂ ಪಕ್ಕದ ಮನೆಯವರನ್ನು ಕರೆಯುತ್ತೀರಂತೆ. "ನನ್ನ ತಮ್ಮ ನಡೆದಾಡೋ ಹೆಣ ಆಗಿದಾನೆ ಕಣೇ. ನೀನಾದ್ರೂ ಒಂದು ಮಾತು ಹೇಳಬಾರದಾ?" ಅಂದಳು. ಆ ಒಂದು ಮಾತು ನನ್ನ ಬಾಯಲ್ಲೇ ಇತ್ತು. ಕಾಫಿ ಕೊಟ್ಟು ಕಳಿಸಿದೆ.

ನಿಜ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನಾಲ್ಕು ಹಾಳೆ ಬರೆದರೂ ಆಗಿಲ್ಲ. ನಿಮ್ಮದಾದರೂ ಆಗುತ್ತದೆಯೇ ಎಂದರೆ ಆ ನಂಬಿಕೆಯೂ ಇಲ್ಲ. ನಿಮ್ಮನ್ನು ಬಲ್ಲೆ. ಇದನ್ನು ಓದಿದ ಮೇಲೆ, ಹಸಿರನ್ನು ಇನ್ನೊಮ್ಮೆ ಕೇಳಬೇಕಿತ್ತು ನಾನು ಎಂದು ಅದಕ್ಕೂ ನಿಮ್ಮನ್ನೇ ಹಿಡಿದುಕೊಳ್ಳುತ್ತೀರಿ. ಬನ್ನಿ ಎಂದು ಕರೆಯುವುದಿಲ್ಲ. ಕರೆಯುವ ಮುಖ ನನಗಿಲ್ಲ, ಬಂದರೆ ಕೂರಿಸುವುದಕ್ಕೆ ಇಲ್ಲಿ ಮನೆ ಎನ್ನುವಂಥದ್ದೂ ಉಳಿದಿಲ್ಲ. ಮುಂದಿನ ತಿಂಗಳು ಬೀಗದ ಕೈ ಮಾಲೀಕರಿಗೆ ಕೊಡುತ್ತೇನೆ. ಒಡೆದವರು ನೀವಲ್ಲ ಎಂಬುದು ನಿಮಗೆ ಗೊತ್ತಿರಲಿ ಎಂದಷ್ಟೇ ಬರೆದೆ. ಗೊತ್ತಾಗಿ ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ.

ಸಹಿ ಮಾಡಿದ ಪತ್ರಗಳು ಒಳಗಿವೆ.

ಇಂತಿ,
ಇಣಚಿಯ ಅಮ್ಮ

ಅಂಟು ಹಚ್ಚುವ ಮುಂಚೆ ಇನ್ನೊಂದು: ಬಸ್ಸು ಒಡೆದದ್ದು ಅವಳಿಗೆ ಗೊತ್ತಿರಲಿಲ್ಲ ಎಂದು ನೀವು ತಿಳಿದಿದ್ದೀರಿ. ಗೊತ್ತಿತ್ತು. ಆ ದಿನ ಮಧ್ಯಾಹ್ನ ನೀವು ಸ್ನಾನಕ್ಕೆ ಹೋದಾಗ, ಒಡೀತಾ ಅಮ್ಮ ಎಂದು ಕೇಳಿದಳು. ಹೌದು ಅಂದೆ. ಯಾಕೆ ಅಂದಳು. ತಾನಾಗಿ ಒಡೆಯಿತು ಎನ್ನಬಹುದಿತ್ತು. ಅಪ್ಪ ಬೇಗ ತೆಗೆದುಬಿಟ್ಟರು ಅಂದೆ. "ನಂಗೆ ಗೊತ್ತು ಅಂತ ಅಪ್ಪಂಗೆ ಹೇಳ್ಬೇಡ, ಅಳ್ತಾರೆ" ಅಂದಳು. ಆಮೇಲೆ ಎರಡು ದಿನ, ನೀವು ಹಾಸಿಗೆಯ ಹತ್ತಿರ ಬಂದಾಗಲೆಲ್ಲ, ತಣ್ಣಗಾಯ್ತಾ ಅಪ್ಪ ಎಂದು ಅವಳಾಗಿಯೇ ಕೇಳುತ್ತಿದ್ದಳು, ನಾಳೆ ಮಗಾ ಎಂದು ನೀವು ಹೇಳುತ್ತಿದ್ದಿರಿ. ಅವಳು ನಿಮ್ಮನ್ನು ಕ್ಷಮಿಸಿಯೇ ಹೋದಳು. ನನ್ನನ್ನು ಕ್ಷಮಿಸುವುದಕ್ಕೆ ಅವಳಿಗೆ ಏನೂ ಗೊತ್ತಿರಲಿಲ್ಲ.